ಗಾಜಿನೊಳಗಿನ ಗಂಗೆ

ನಮ್ಮಜ್ಜಿಯ ದೇವರ ಗೂಡಿನಲ್ಲಿ ಕಾಶಿಯಿಂದ ಬಂದ ಗಂಗೆಯ ಗಿಂಡಿಯೊಂದಿತ್ತು. ನಿಂಬೆಹಣ್ಣಿನ ಗಾತ್ರದ ತಾಮ್ರದ ಗಿಂಡಿ, ಬಾಯಿಗೆ ಬೆಸುಗೆ. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಅಕ್ಕ ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. "ನೀರೆಲ್ಲ ಆರಿಹೋಗಿದೆ ಕಣೋ, ಬೆಸುಗೆ ಬಿಟ್ಟಿದೆ" ಎಂದಳು. ಆಗವಳಿಗೆ ಹನ್ನೆರಡು. ಅಜ್ಜಿ ಹೋಗುವ ಹೊತ್ತಿಗೆ ಒಡೆದು ನೋಡಿದರೆ ತಳದಲ್ಲಿ ಹಸಿರು ಕಿಲುಬು, ಅಷ್ಟೆ. ಬಾವಿಯ ನೀರನ್ನೇ ಗಂಗೆ ಎಂದು ಬಾಯಿಗೆ ಬಿಟ್ಟೆವು. ಅಜ್ಜಿ ತಕರಾರು ಮಾಡಲಿಲ್ಲ.

ಅಂಥ ಅಕ್ಕ ಓದಿದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪ್ರಯೋಗಶಾಲೆ ಇರಲಿಲ್ಲ, ಹೊಲಿಗೆ ಮೆಷಿನ್ನುಗಳಿದ್ದವು. ಗಂಡುಹುಡುಗರಾದ ನಮಗೆ ಒಂದು ಬೀರು ತುಂಬ ಬ್ಯೂರೆಟ್ಟು, ಪಿಪೆಟ್ಟುಗಳಿದ್ದವು. ಬೀಗದ ಕೈ ಹೆಡ್‌ಮಾಸ್ತರ ಸೊಂಟದಲ್ಲಿ. ಮೂರು ವರ್ಷದಲ್ಲಿ ಆ ಬೀರು ತೆರೆದದ್ದನ್ನು ನಾನು ಕಂಡದ್ದು ಎರಡೇ ಸಲ, ಎರಡೂ ಸಲ ಇನ್‌ಸ್ಪೆಕ್ಟರು ಬಂದಿದ್ದರು. ರಾತ್ರಿ ನನ್ನ ಲೆಕ್ಕಗಳನ್ನು ಅಕ್ಕ ಬಿಡಿಸುತ್ತಿದ್ದಳು. ಬೆಳಿಗ್ಗೆ ಶಾಭಾಸ್‌ಗಿರಿ ನನಗೆ.

ಈಗ ಅವಳ ಮೊಮ್ಮಗಳು ನ್ಯೂಯಾರ್ಕಿನ ಸ್ಟೈವೆಸೆಂಟ್ ಹೈಸ್ಕೂಲಿನಲ್ಲಿದ್ದಾಳೆ. ಸರ್ಕಾರಿ ಶಾಲೆ, ಫೀಜಿಲ್ಲ. ಪ್ರವೇಶ ಪರೀಕ್ಷೆಯೊಂದೇ ಯಮಗಂಡ. ಕಳೆದ ವರ್ಷ ಹೋಗಿದ್ದಾಗ ಹದಿನೈದನೇ ಬೀದಿಯಲ್ಲಿರುವ ಅದರ ಹಳೆಯ ಕಟ್ಟಡದ ಎದುರು ನನ್ನನ್ನು ನಿಲ್ಲಿಸಿ, "ತಾತ, ಮೊದಲು ನಮ್ಮ ಸ್ಕೂಲು ಇಲ್ಲಿತ್ತು" ಎಂದಳು.

1904ರಲ್ಲಿ ಶುರುವಾದಾಗ ಅದು ಗಂಡುಹುಡುಗರಿಗೆ ಕೈಕಸುಬು ಕಲಿಸುವ ಶಾಲೆ. ಮರಗೆಲಸ, ಲೋಹದ ಕೆಲಸ. 1907ರಲ್ಲಿ ಈ ಕಟ್ಟಡಕ್ಕೆ ಬಂತು. ಉಳಿ ಹಿಡಿಯಬೇಕಾದ ಕೈಗಳು ಮೆಲ್ಲಗೆ ಗಣಿತ, ರಸಾಯನಶಾಸ್ತ್ರಗಳತ್ತ ಹೊರಳಿದವು. 1919ಕ್ಕೆ ಹುಡುಗರು ಎಷ್ಟು ತುಂಬಿದರೆಂದರೆ ನಮ್ಮೂರಿನ ಶಾಲೆಗಳ ಹಾಗೆ ಎರಡು ಪಾಳಿ ಮಾಡಬೇಕಾಯಿತು. ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್, ರೋಲ್ಡ್ ಹಾಫ್‌ಮನ್ ಇಲ್ಲಿಯವರೇ. ಸಿನಿಮಾದ ಜೇಮ್ಸ್ ಕ್ಯಾಗ್ನಿಯೂ ಇಲ್ಲಿಯವನೇ ಎಂದು ಕೇಳಿ ನನಗೆ ಸಮಾಧಾನವಾಯಿತು. ಶಾಲೆಗೆ ಹೆಸರು ಕೊಟ್ಟ ಡಚ್ ಗವರ್ನರ್ ಪೀಟರ್ ಸ್ಟೈವೆಸೆಂಟ್‌ನಿಗೆ ಒಂದು ಕಾಲು ಮರದ್ದು. ಆ ಗೌರವಕ್ಕೆ ಆಟದ ತಂಡಗಳಿಗೆ 'ಪೆಗ್‌ಲೆಗ್ಸ್', ಅಂದರೆ ಮರಗಾಲಿನವರು ಎಂದು ಹೆಸರಿಟ್ಟರು. ಓಡಲು ಹೊರಟವರಿಗೆ ಇಂಥ ಆಶೀರ್ವಾದ ಹುಡುಗರಿಗೆ ಮಾತ್ರ ಹೊಳೆದೀತು.

ಅರವತ್ತೈದು ವರ್ಷ ಹುಡುಗರೇ. 1969ರಲ್ಲಿ ಆಲಿಸ್ ಡಿ ರಿವೆರಾ ಎಂಬ ಹದಿಮೂರರ ಹುಡುಗಿ ಕೋರ್ಟಿಗೆ ಹೋದಳು. ಬಾಗಿಲು ತೆರೆಯಿತು. ಆ ಸೆಪ್ಟೆಂಬರಿನಲ್ಲಿ ಬೆರಳೆಣಿಕೆಯ ಹುಡುಗಿಯರು ಒಳಹೊಕ್ಕರು. ಅವರಲ್ಲಿ ಆಲಿಸ್ ಇರಲಿಲ್ಲ. ಅಷ್ಟರಲ್ಲಿ ಅವರ ಮನೆಯವರು ಊರು ಬಿಟ್ಟಿದ್ದರು. ಇದನ್ನು ಹೇಳುವಾಗ ಮೊಮ್ಮಗಳು ಚೂಯಿಂಗ್ ಗಮ್ ಅಗಿಯುತ್ತಿದ್ದಳು. ನಾನು ಸುಮ್ಮನೆ ಆ ಬಾಗಿಲನ್ನೇ ನೋಡುತ್ತ ನಿಂತೆ. ಅದೇ 1969ರಲ್ಲಿ ನಮ್ಮಕ್ಕನ ಮದುವೆಯಾಯಿತು.

1992ರಲ್ಲಿ ಶಾಲೆ ಹಡ್ಸನ್ ನದಿಯ ದಡದ ಹತ್ತು ಮಹಡಿಯ ಹೊಸ ಕಟ್ಟಡಕ್ಕೆ ಹೋಯಿತು. ಅಲ್ಲಿಯ ಗೋಡೆಗಳಲ್ಲಿ ಅಲ್ಲಲ್ಲಿ ನಾನೂರು ಗಾಜಿನ ಇಟ್ಟಿಗೆಗಳಂತೆ. ಒಂದೊಂದರಲ್ಲೂ ಒಂದೊಂದು ವಸ್ತು: ಚೀನಾದ ಮಹಾಗೋಡೆಯ ಚೂರು, ನೈಲ್ ನದಿಯ ನೀರು, ಹಳೆಯ ಶಾಲೆಯ ಬಿಡಿ ನೆನಪುಗಳು. 2080ರವರೆಗಿನ ಮಕ್ಕಳಿಗಾಗಿ ಕೆಲವು ಖಾಲಿ ಇಟ್ಟಿದ್ದಾರೆ. "ಇನ್ನೊಂದರಲ್ಲಿ ಗಂಗೆ ನೀರಿದೆ ತಾತ" ಎಂದಳು.

ಆ ರಾತ್ರಿಯೇ ಅಕ್ಕನಿಗೆ ಫೋನು ಮಾಡಿ ಸಂಭ್ರಮದಿಂದ ಹೇಳಿದೆ. ಕೈಮುಗಿಯುತ್ತಾಳೆ ಅಂದುಕೊಂಡಿದ್ದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

"ಲೋ, ಎಷ್ಟು ವರ್ಷವಾಯ್ತು ಅದನ್ನಿಟ್ಟು?"

"ಮೂವತ್ತು ದಾಟಿತು."

"ಗಾಜು ಅಂದೆಯಲ್ಲ, ಅಲ್ಲಾಡಿಸೋದೇನೂ ಬೇಡ. ನೀರು ಎಲ್ಲಿವರೆಗೆ ಇದೆ, ನೋಡಿ ಹೇಳು ಅನ್ನು ಮಗೂಗೆ."

ಸೋಮವಾರ ನೋಡಿ ಹೇಳುತ್ತೇನೆ ಎಂದಳು ಮೊಮ್ಮಗಳು.