ಜನ್ನಾಪುರದ ಮನೆಯ ಕಾಗದಪತ್ರಗಳು

ಕಳೆದ ಏಳೆಂಟು ತಿಂಗಳು ನಾನೇನೂ ಬರೆಯಲಿಲ್ಲವೆಂದು ಹಳೆಯ ವಿದ್ಯಾರ್ಥಿಗಳು ಕೆಲವರು ದೂರವಾಣಿ ಮಾಡಿ ವಿಚಾರಿಸಿದ್ದರು. ಆರೋಗ್ಯಕ್ಕೇನೂ ತೊಂದರೆಯಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿದ್ದ ನಮ್ಮ ತಂದೆಯವರ ಮನೆಯನ್ನು ಮಾರುವ ಕೆಲಸದಲ್ಲಿ ಮುಳುಗಿದ್ದೆ. ಕೊಳ್ಳುವವರು ಸಿಕ್ಕಿದರೆ ಮನೆ ಮಾರಿದಂತೆಯೇ ಎಂದು ತಿಳಿದಿದ್ದವನು ನಾನು. 2025ರ ಫೆಬ್ರವರಿಯಲ್ಲಿ ಹದಿನೈದೇ ದಿನದಲ್ಲಿ ಒಳ್ಳೆಯವರೊಬ್ಬರು ಸಿಕ್ಕಿದರು. ಕಾಗದಗಳು ಕೂಡಿಬರುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು.

ನಮ್ಮ ತಂದೆಯವರು ಕಬ್ಬಿಣದ ಕಾರ್ಖಾನೆಯಲ್ಲಿದ್ದರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆಯಿಂದಲೇ ಬೆಂಕಿಪುರವೆಂಬ ಹಳೆಯ ಊರು ಭದ್ರಾವತಿಯಾಗಿ ಬೆಳೆಯಿತು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಇದ್ದವರಿಗೆಲ್ಲ ಒಂದೇ ಚಿಂತೆ, ನಿವೃತ್ತಿಯ ಮರುದಿನ ಎಲ್ಲಿ ಹೋಗುವುದು ಎಂದು. ಅದಕ್ಕಾಗಿಯೇ ಅವರು 1968ರಲ್ಲಿ ನಿವೇಶನ ಕೊಂಡು, ಎರಡು ವರ್ಷದ ಮೇಲೆ ಸಾಲ ಮಾಡಿ ಹಂಚಿನ ಮನೆ ಕಟ್ಟಿಸಿದರು. 1984ರಲ್ಲಿ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಮ್ಮ 2009ರವರೆಗೆ ಅಲ್ಲಿಯೇ ಇದ್ದರು. ಆಮೇಲೆ ಬಾಡಿಗೆಗೆ ಕೊಟ್ಟೆವು. ಕಾಗದದ ಕಾರ್ಖಾನೆ ನಿಂತ ಮೇಲೆ ಬಾಡಿಗೆಗೆ ಬರುವವರೂ ಕಡಿಮೆಯಾದರು. ಶಿವಮೊಗ್ಗದ ವಿನೋಬನಗರದಿಂದ ತಿಂಗಳಿಗೊಮ್ಮೆ ಹೋಗಿ ಹಂಚು ಸರಿಪಡಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ನನ್ನಲ್ಲಿ ಎಂಟನೆಯ ತರಗತಿಯಲ್ಲಿ ಕನ್ನಡ ಓದಿದವನೊಬ್ಬ ಈಗ ವಕೀಲ. ಅಪ್ಪನ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಅವನ ಕಚೇರಿಗೆ ಹೋದೆ. ಒಂದು ಕಾಲಕ್ಕೆ ಅವನ ಉಕ್ತಲೇಖನಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಈ ಸಲ ಕೆಂಪು ಪೆನ್ನು ಅವನ ಕೈಯಲ್ಲಿತ್ತು.

“ಖಾತೆ ನನ್ನ ಮತ್ತು ತಮ್ಮನ ಹೆಸರಿಗಿದೆ, ಕಂದಾಯ ಬಾಕಿಯಿಲ್ಲ. ಇನ್ನೇನು ಬೇಕು?” ಎಂದೆ.

“ಖಾತೆಯಿಂದ ಮಾಲೀಕತ್ವ ಬರುವುದಿಲ್ಲ ಮೇಷ್ಟ್ರೇ. ಕಂದಾಯ ಯಾರಿಂದ ವಸೂಲು ಮಾಡಬೇಕು ಅನ್ನುವುದಕ್ಕೆ ಅದು. ಮೂಲಪತ್ರ ಎಲ್ಲಿ?” ಎಂದ.

ಮೂಲಪತ್ರ ಸಿಕ್ಕಿತು. 1968ರ ಕ್ರಯಪತ್ರ, ಛಾಪಾ ಕಾಗದದ ಮೇಲೆ ಪತ್ರಬರಹಗಾರರ ದುಂಡನೆಯ ಅಕ್ಷರ, ಕೊನೆಯಲ್ಲಿ ಬಿಕ್ಕಲಂ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯವೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತವಾಗಿ ಆ ಮೂವತ್ತು-ನಲವತ್ತು ಅಡಿ ಜಾಗವನ್ನು ನಮ್ಮ ತಂದೆಯವರಿಗೆ ಮಾರಲಾಗಿತ್ತು! ಶಾಸನಗಳಲ್ಲಿ ಅರಸರು ಗ್ರಾಮಗಳನ್ನು ದಾನ ಕೊಡುವಾಗ ಹೇಳುತ್ತಿದ್ದ ಮಾತುಗಳಿವು. ನೆಲದೊಳಗಿನ ನಿಧಿಯ ವಿಷಯ ನಮಗೆ ತಿಳಿಯದು. ಜಲ ಮಾತ್ರ ಹಿತ್ತಿಲ ಬಾವಿಯಲ್ಲಿ ಯಥೇಚ್ಛವಾಗಿತ್ತು.

ಮುಂದೆ ಋಣಭಾರ ಪತ್ರ, ಜನರ ಬಾಯಲ್ಲಿ ಇ.ಸಿ. ಒಂದು ಆಸ್ತಿಯ ಮೇಲೆ ಯಾವ ಯಾವ ಪತ್ರಗಳು ನೋಂದಣಿಯಾಗಿವೆ ಎಂಬುದರ ಪಟ್ಟಿ ಅದು. ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. 2004ರ ಏಪ್ರಿಲ್‌ನಿಂದ ಈಚಿನದು ಗಣಕಯಂತ್ರದಲ್ಲಿ ಕ್ಷಣಾರ್ಧದಲ್ಲಿ ಬಂತು. ಅದಕ್ಕೆ ಹಿಂದಿನದನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೈಬರಹದ ಪುಸ್ತಕಗಳಲ್ಲಿ ಹುಡುಕಿಸಬೇಕು. ಹುಡುಕಿಸಿದಾಗ, ಮನೆ ಕಟ್ಟಲು ಅಪ್ಪ 1970ರಲ್ಲಿ ಬರೆದುಕೊಟ್ಟಿದ್ದ ಅಡಮಾನ ಪತ್ರ ಹಾಗೆಯೇ ನಿಂತಿತ್ತು! ಸಾಲ ಎಂದೋ ತೀರಿತ್ತು, ಖುಲಾಸೆ ಪತ್ರ ನೋಂದಣಿಯಾಗಿರಲಿಲ್ಲ. ಸಾಲ ತೀರಿಸಿದವರು ಋಣ ಮುಗಿಯಿತೆಂದು ಸುಮ್ಮನಾಗುತ್ತಾರೆ. ಪುಸ್ತಕದಲ್ಲಿ ಅದು ಉಳಿದೇ ಇರುತ್ತದೆ. ಅಪ್ಪನ ಲೆಕ್ಕದ ಪುಸ್ತಕದ ನಡುವೆ ಕೊನೆಯ ಕಂತಿನ ರಸೀದಿ ದೊರಕಿದ್ದು ನಮ್ಮ ಪುಣ್ಯ. ಅದನ್ನು ಹಿಡಿದು ಖುಲಾಸೆ ಮಾಡಿಸಲು ಎರಡು ತಿಂಗಳು ಹೋಯಿತು. ಇದನ್ನು ಓದುತ್ತಿರುವವರಲ್ಲಿ ಸಾಲ ತೀರಿಸಿ ಮೂಲಪತ್ರ ಮರಳಿ ಪಡೆಯದವರಿದ್ದರೆ ನಾಳೆಯೇ ಹೋಗಿ ವಿಚಾರಿಸಿ.

2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಅದಕ್ಕೆ ಮನೆಯ ಛಾಯಾಚಿತ್ರ, ಆಧಾರ್, ಕಂದಾಯದ ರಸೀದಿ ಎಲ್ಲವನ್ನೂ ಕೊಟ್ಟದ್ದಾಯಿತು. ತಮ್ಮ 2016ರಲ್ಲಿ ತೀರಿಕೊಂಡಿದ್ದರಿಂದ ಅವನ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವೂ ಬೇಕಾಯಿತು. ಅವನ ಮಗ ಅಮೆರಿಕದಲ್ಲಿದ್ದಾನೆ. ಅವನು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳುಹಿಸಿದ ಅಧಿಕಾರ ಪತ್ರಕ್ಕೆ, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದು ನನಗೆ ಹೊಸ ವಿಷಯ. ಇವೆಲ್ಲ ಓಡಾಟದ ಕೆಲಸಗಳು. ಓಡಾಡಿದರೆ ಮುಗಿಯುತ್ತವೆ.

ಮುಗಿಯದ ಕಾಗದ ಬೇರೊಂದಿತ್ತು.

ಅದು 1985ರಲ್ಲಿ ನನ್ನ ತಂಗಿ ರುಜು ಮಾಡಿಕೊಟ್ಟ ಒಂದು ಹಾಳೆ. “ಸದರಿ ಸ್ವತ್ತಿನಲ್ಲಿ ನನಗಿರುವ ಹಕ್ಕನ್ನು ನನ್ನ ಸ್ವಸಂತೋಷದಿಂದ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟಿರುತ್ತೇನೆ.” ವಕೀಲ ಅದನ್ನು ಎರಡು ಸಲ ಓದಿ, “ಇದನ್ನು ಬರೆದವರು ಯಾರು ಮೇಷ್ಟ್ರೇ?” ಎಂದು ಕೇಳಿದ. ಅಕ್ಷರ ಅವನಿಗೆ ಗುರುತಾಗಿತ್ತು. ಮೂರು ವರ್ಷ ಕರಿಹಲಗೆಯ ಮೇಲೆ ನೋಡಿದ್ದನಲ್ಲ. “ನಾನೇ” ಎಂದೆ.

ಅವನು ವಿವರಿಸಿದ್ದು ಹೀಗೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯಲ್ಲಿನ ಹಕ್ಕನ್ನು ಬಿಡುವ ಪತ್ರ ನೋಂದಣಿಯಾಗಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಆದ್ದರಿಂದ ಆ ಹಾಳೆಯಿಂದ ತಂಗಿಯ ಹಕ್ಕು ಹೋಗಿಲ್ಲ. ನಾನು ಜಾಣತನದಿಂದ, “ಹೆಣ್ಣುಮಕ್ಕಳಿಗೆ ಹಕ್ಕು ಬಂದದ್ದು 2005ರಲ್ಲಲ್ಲವೇ?” ಎಂದೆ. ಅವನು ನಕ್ಕ. ನಮ್ಮ ರಾಜ್ಯದ 1994ರ ತಿದ್ದುಪಡಿಯಾಗಲಿ, ಕೇಂದ್ರದ 2005ರ ತಿದ್ದುಪಡಿಯಾಗಲಿ ಒಟ್ಟುಕುಟುಂಬದ ಪಿತ್ರಾರ್ಜಿತ ಆಸ್ತಿಯ ಮಾತು. ತಂದೆ ಸ್ವಂತ ದುಡಿಮೆಯಿಂದ ಮಾಡಿ, ಉಯಿಲು ಬರೆಯದೆ ಬಿಟ್ಟುಹೋದ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದಲೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಂದರೆ ಅಪ್ಪ ಹೋದ ದಿನವೇ ಆ ಮನೆಯ ನಾಲ್ಕರಲ್ಲೊಂದು ಪಾಲು ತಂಗಿಯದಾಗಿತ್ತು; ಅಮ್ಮ ಹೋದ ಮೇಲೆ ಮೂರರಲ್ಲೊಂದು. ನಾವು ಅಣ್ಣತಮ್ಮಂದಿರು ಇದನ್ನು ಅವಳಿಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ನಮಗೇ ತಿಳಿದಿರಲಿಲ್ಲವೆಂಬುದು ಅರ್ಧ ಸತ್ಯ. ತಿಳಿದುಕೊಳ್ಳಲು ಹೋಗಿರಲಿಲ್ಲ.

“ಅತ್ತೆಯವರು ಒಪ್ಪಿದರೆ ಈಗ ಒಂದು ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಬಹುದು. ಇಲ್ಲವೆಂದರೆ ಅವರೂ ಮಾರಾಟಗಾರರಾಗಿ ರುಜು ಮಾಡಿ ತಮ್ಮ ಪಾಲು ತೆಗೆದುಕೊಳ್ಳಬೇಕು” ಎಂದ. ಮೊದಲನೆಯ ದಾರಿ ಸುಲಭವೆಂದು ನನಗೆ ಒಂದು ರಾತ್ರಿ ಅನ್ನಿಸಿದ್ದುಂಟು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ತಂಗಿ ಇರುವುದು ಗೋಪಾಳದಲ್ಲಿ, ಮಗಳ ಮನೆಯಲ್ಲಿ. ಹಾಳೆಯನ್ನು ತೆಗೆದುಕೊಂಡೇ ಹೋದೆ. ಅವಳು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು.

“ಇದರಲ್ಲಿ ಹೀಗೆ ಬರೆದಿತ್ತಾ ಅಣ್ಣ?”

“ನೀನೇ ರುಜು ಮಾಡಿದ್ದಲ್ಲ.”

“ಮಾಡಿದ್ದೆ. ನೀನು ಓದಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಲ್ಲಿ ಹಾಕು ಅಂದೆ, ಹಾಕಿದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಸ್ವಸಂತೋಷದಿಂದ ಅಂತ ಇದೆಯಲ್ಲ, ಅದು ನಿನ್ನ ಮಾತು” ಎಂದಳು.

ಓದದೆ ಯಾವುದಕ್ಕೂ ರುಜು ಹಾಕಬಾರದೆಂದು ಮೂವತ್ತಾರು ವರ್ಷ ತರಗತಿಯಲ್ಲಿ ಹೇಳಿದವನು ನಾನು. ಉತ್ತರ ಹೊಳೆಯಲಿಲ್ಲ. ಅವಳು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು. ಮೂರರಲ್ಲೊಂದು ಪಾಲು ನಿನ್ನದು, ನೀನೂ ಮಾರಾಟಗಾರಳಾಗಿ ಬರಬೇಕು ಎಂದೆ. ಬೇಡವೆನ್ನಲಿಲ್ಲ. ಬೇಕೆಂದೂ ಹೇಳಲಿಲ್ಲ. “ಯಾವ ದಿನ ಅಂತ ಮೊದಲೇ ಹೇಳು, ಮಗಳು ರಜೆ ಹಾಕಬೇಕು” ಎಂದಳು.

ಅಷ್ಟರಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿತ್ತು. ತಡವಾದದ್ದು ನಮ್ಮಿಂದ, ಆದ್ದರಿಂದ ಹೆಚ್ಚಾದ ಹಣವನ್ನು ಕೊಂಡವರ ಮೇಲೆ ಹಾಕದೆ ನಾನೇ ಕೊಟ್ಟೆ. ತಂಗಿಯ ಪಾಲಿನಿಂದ ಅದನ್ನು ಕಳೆಯಲಿಲ್ಲ.

ನೋಂದಣಿಗೆ ನಾಲ್ಕು ದಿನ ಮುಂಚೆ ವಕೀಲನ ಕಚೇರಿಯಲ್ಲಿ ಎಲ್ಲರೂ ಸೇರಿದೆವು. ಕ್ರಯಪತ್ರದ ಕರಡನ್ನು ನಾನು ಎರಡು ಬಾರಿ ತಿದ್ದಿದ್ದೆ, ಕಾಗುಣಿತದ ತಪ್ಪುಗಳನ್ನೂ ಸೇರಿಸಿ. ತಂಗಿ ಮೊದಲ ಪುಟದಿಂದ ಬೆರಳಿಟ್ಟು ಓದತೊಡಗಿದಳು. ಯಾರೂ ಅವಸರಪಡಿಸಲಿಲ್ಲ. ಅರ್ಧ ಗಂಟೆಯ ಮೇಲೆ ಚೆಕ್ಕುಬಂದಿಯ ಹತ್ತಿರ ಬೆರಳು ನಿಂತಿತು.

“ಪೂರ್ವಕ್ಕೆ ರಸ್ತೆ ಅಂತ ಇದೆಯಲ್ಲ ಅಣ್ಣ. ರಸ್ತೆ ಇರೋದು ಪಶ್ಚಿಮಕ್ಕೆ. ಸಂಜೆ ಬಿಸಿಲು ನಡುಮನೆವರೆಗೂ ಬರ್ತಿತ್ತು, ಅಮ್ಮ ಅಲ್ಲೇ ಕೂತು ಅಕ್ಕಿ ಆರಿಸ್ತಿದ್ದರು.”

ವಕೀಲ 1968ರ ಪತ್ರ ತೆಗೆದು ನೋಡಿದ. ಬೆರಳಚ್ಚಿನಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದವು. ಹಾಗೆಯೇ ನೋಂದಣಿಯಾಗಿದ್ದರೆ ತಿದ್ದುಪಡಿ ಪತ್ರಕ್ಕಾಗಿ ಎಲ್ಲರೂ ಮತ್ತೊಮ್ಮೆ ಕಚೇರಿಗೆ ಹೋಗಬೇಕಾಗಿತ್ತಂತೆ. ಅವನು ಕೆಂಪು ಪೆನ್ನನ್ನು ತಂಗಿಯ ಕಡೆಗೆ ಸರಿಸಿದ. ಅವಳು ಎರಡು ಪದಗಳನ್ನು ಹೊಡೆದುಹಾಕಿ, ಮೇಲೆ ಸರಿಯಾದುದನ್ನು ಬರೆದು, ಮುಂದಿನ ಪುಟ ತಿರುಗಿಸಿದಳು.