ಟೀ ಕಪ್ಪಿನ ನಾರು



ಮಾಗಿ ಚಳಿ ಬಿದ್ದಿದೆ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರೋ ಊರು, ಈ ತಿಂಗಳು ರಾತ್ರಿ ಹೊತ್ತು 15 ಡಿಗ್ರಿ ಆಸುಪಾಸಿಗೆ ಇಳಿಯುತ್ತೆ. ಈ ಚಳಿಯಲ್ಲೇ ನಮ್ಮ ಮನೆ ಮೋಲ್ಡ್ ಮೇಲೆ 312 ಪೇಪರ್ ಕಪ್ಪು, ನಲವತ್ತು ಹಾಲಿನ ಕವರ್ರು, ಒಂದಿಷ್ಟು ತೆಂಗಿನ ಚಿಪ್ಪು ಸಾಲಾಗಿ ಕೂತಿವೆ. ಬದನೆ, ಮೆಣಸಿನಕಾಯಿ, ನಾಟಿ ಟೊಮೆಟೊ ನಾರು ಹಾಕಿದ್ದೀವಿ. ನಾರು ಅಂದ್ರೆ ಎಳೆ ಸಸಿ. ಮೈಸೂರು ಕಡೆಯವರು ಹಗ್ಗದ ನಾರು ಅಂದ್ಕೋಬೇಡಿ, ಇದು ನಮ್ಮ ಗಡಿ ಸೀಮೆ ಮಾತು, ತೆಲುಗಿನಿಂದ ಬಂದು ನಮ್ಮ ಬಾಯಲ್ಲಿ ಉಳಿದಿದ್ದು.

ಮೋಲ್ಡ್ ಮೇಲೆ ಯಾಕೆ ಅಂದ್ರೆ ಕೆಳಗೆ ಜಾಗ ಇಲ್ಲ. ನಮ್ಮ ಕಾಲೋನಿಯಲ್ಲಿ ಹಿತ್ತಲು ಅನ್ನೋದೇ ಗೊತ್ತಿಲ್ಲ. 20/30 ಸೈಟಲ್ಲಿ ಮನೆ, ಅದಕ್ಕಂಟಿದ ಬಚ್ಚಲು, ಅದರಾಚೆ ಇನ್ನೊಬ್ಬರ ಗೋಡೆ. ಆದರೆ ಸಸಿ ಎಬ್ಬಿಸೋ ಕೆಲಸದಲ್ಲಿ ನಮ್ಮ ಹೆಂಗಸರನ್ನ ಮೀರಿಸೋರಿಲ್ಲ. ಬೆಳಿಗ್ಗೆ ಆರಕ್ಕೆ ಟೆಂಪೊ ಬರುತ್ತೆ, ಹತ್ತಿಕೊಂಡು ನರ್ಸರಿಗಳಿಗೆ ಹೋಗ್ತಾರೆ. 98 ಗುಳಿಯ ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದು ಬೀಜ ಇಟ್ಟು, ಮುಚ್ಚಿ, ನೀರು ಕೊಟ್ಟು, ನೆರಳುಬಲೆ ಕೆಳಗೆ ಜೋಡಿಸೋದು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಅಂತ ಹೆಸರಾಗಿರೋ ನಮ್ಮ ಎಪಿಎಂಸಿಗೆ ಬರೋ ಹಣ್ಣಿನ ಮೊದಲ ಇಪ್ಪತ್ತೈದು ದಿನ ಇವರ ಕೈಯಲ್ಲೇ ಕಳೆಯೋದು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದಾಗ ಟಿವಿಯವರು ಕೋಲಾರಕ್ಕೆ ಓಡಿ ಬಂದ್ರು. ಆ ತಿಂಗಳು ನಮ್ಮ ಬೀದಿಯ ಹೆಂಗಸರ ಕೂಲಿ ಹತ್ತು ರೂಪಾಯಿನೂ ಏರಲಿಲ್ಲ, ಅದನ್ನ ಕೇಳೋಕೆ ಯಾವ ಕ್ಯಾಮೆರಾನೂ ಬರಲಿಲ್ಲ.

ಹಾಗಾಗಿ ನಮ್ಮ ಸಂಘದ ಹೆಂಗಸರು ಹೋದ ವರ್ಷ ಕೇಳಿದ್ರು, ಬೇರೆಯವರಿಗೆ ಮಾಡೋದನ್ನ ನಮಗೇ ಯಾಕೆ ಮಾಡ್ಕೋಬಾರದು ಅಂತ. ಟ್ರೇಗೆ, ಬಲೆಗೆ ದುಡ್ಡು ಬೇಕು. ಕಪ್ಪಿಗೆ ಬೇಡ. ನಮ್ಮ ಆಫೀಸಿಗೆ ದಿನಕ್ಕೆರಡು ಸಲ ಟೀ ಬರುತ್ತೆ, ಕುಡಿದು ಬಿಸಾಡಿದ ಕಪ್ಪನ್ನ ನಾನು ಒಂದು ಚೀಲಕ್ಕೆ ಹಾಕ್ಕೊಂಡು ತರ್ತೀನಿ.

ಮಾಡೋ ವಿಧಾನ ಹೇಳ್ತೀನಿ, ಬೇಕಾದವರು ಬರೆದಿಟ್ಕೊಳ್ಳಿ. ಕಪ್ಪನ್ನ ತೊಳೆಯಲೇಬೇಕು. ಸಕ್ಕರೆ ಉಳಿದರೆ ಇರುವೆ ಬಂದು ಬೀಜ ಹೊತ್ಕೊಂಡು ಹೋಗುತ್ತೆ. ತಳಕ್ಕೆ ಮೊಳೆಯಲ್ಲಿ ಮೂರು ತೂತು. ಹಾಲಿನ ಕವರ್ ಆದ್ರೆ ಮೇಲಿನ ಅಂಚು ಕತ್ತರಿಸಿ, ಕೆಳಗಿನ ಎರಡೂ ಮೂಲೆ ಚೂರು ಕತ್ತರಿಸಿ. ಚಿಪ್ಪಾದ್ರೆ ಕಣ್ಣಿನ ಕಡೆಯದು ಆರಿಸಿಕೊಳ್ಳಿ, ಆ ಕಣ್ಣನ್ನೇ ಕುಕ್ಕಿ ತೂತು ಮಾಡಬಹುದು. ಮಣ್ಣು ಒಂದು ಪಾಲು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮರಳು ಒಂದು ಪಾಲು. ಹಸಿ ಗೊಬ್ಬರ ಬೇಡ, ಬೇರು ಸುಡುತ್ತೆ. ಮೊದಲೆಲ್ಲ ಕೆರೆ ಗೋಡು ತರ್ತಿದ್ವಿ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನವರು ಬಳಸಿ ಬಿಟ್ಟ ನೀರು, ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸ್ತಿದ್ದಾರೆ. ಮೂರನೇ ಹಂತ ಮಾಡಿ ಅಂತ ಜಿಲ್ಲೆಯ ಜನ ಕೇಳ್ತಾನೇ ಇದ್ದಾರೆ. ಅಂತೂ ಕೆರೆ ತುಂಬಿದೆ, ಗೋಡು ನೀರಿನ ಕೆಳಗಿದೆ.

ಬೀಜದ ದಪ್ಪಕ್ಕೆ ಎರಡರಷ್ಟು ಮಣ್ಣು ಮೇಲೆ ಬಿದ್ದರೆ ಸಾಕು. ಟೊಮೆಟೊ ಬೀಜಕ್ಕೆ 25ರಿಂದ 30 ಡಿಗ್ರಿ ಬಿಸಿ ಇಷ್ಟ. ಅಷ್ಟಿದ್ದರೆ ವಾರದೊಳಗೆ ಕಣ್ಣು ಬಿಡುತ್ತೆ, ಮಾಗಿಯಲ್ಲಿ ಹತ್ತು ದಿನ ಆದರೂ ಮಲಗಿರುತ್ತೆ. ಮೆಣಸಿನಕಾಯಿ ಇನ್ನೂ ಸೋಮಾರಿ. ಅದಕ್ಕೆ ಕೊಡೆ ಬೇಕು. ನೀರಿನ ಬಾಟ್ಲಿಯನ್ನ ಅರ್ಧಕ್ಕೆ ಕತ್ತರಿಸಿ ಮೇಲಿನ ಭಾಗ ಕಪ್ಪಿನ ಮೇಲೆ ಬೋರಲು ಹಾಕಿ. ರಾತ್ರಿ ಮುಚ್ಚಳ ಹಾಕಿರಿ, ಬಿಸಿಲೇರಿದ ಮೇಲೆ ಮುಚ್ಚಳ ತೆಗೆಯಿರಿ, ಇಲ್ಲಾಂದ್ರೆ ಒಳಗೆ ಬೆವರು ಕಟ್ಟಿ ಬೂಷ್ಟು ಬರುತ್ತೆ. ಅಮೆರಿಕದಲ್ಲಿ ಹಿಮ ಬೀಳೋ ಊರುಗಳಲ್ಲಿ ದೊಡ್ಡ ಹಾಲಿನ ಕ್ಯಾನನ್ನ ಹೀಗೇ ಕತ್ತರಿಸಿ ಬೀಜ ಹಾಕಿ, ಹಿಮದಲ್ಲೇ ಹೊರಗಿಡ್ತಾರಂತೆ. ಅವರ ಕೆಲವು ಹೂವಿನ ಬೀಜಗಳಿಗೆ ಚಳಿ ತಿಂದರೇ ಎಚ್ಚರ. ನಮ್ಮ ಬದನೆಗೆ ಆ ಶೋಕಿ ಇಲ್ಲ, ಅದಕ್ಕೆ ಬೆಚ್ಚಗಿರಬೇಕು. ನೀರು ಬೆಳಿಗ್ಗೆ ಮಾತ್ರ. ಸಂಜೆ ನೀರು ಹಾಕಿದರೆ ಚಳಿಗೆ ಮಣ್ಣು ತೇವವಾಗೇ ಉಳಿದು ಬುಡ ಕೊಳೆಯುತ್ತೆ. ನೆಟ್ಟಗೆ ನಿಂತಿದ್ದ ಸಸಿ ಬೆಳಗಾಗೋದ್ರಲ್ಲಿ ಮಲಗಿರುತ್ತೆ. ಹೈಬ್ರಿಡ್ ಹಣ್ಣಿನ ಬೀಜ ಎತ್ತಿಡಬೇಡಿ, ಮುಂದಿನ ಬೆಳೆ ತಾಯಿ ಹಾಗೆ ಬರಲ್ಲ. ನಾಟಿ ಬೀಜ ಹಿಡೀರಿ. ಆಗ ವರ್ಷಾ ವರ್ಷಾ ಅಂಗಡಿ ಮುಂದೆ ನಿಲ್ಲೋದು ತಪ್ಪುತ್ತೆ.

ಇನ್ನು ಕಪ್ಪಿನ ವಿಷಯ. ನಾನು ಚೀಲ ಹಿಡಿದು ಕಪ್ಪು ಆರಿಸ್ತಿದ್ದಾಗ ಒಬ್ಬ ಸಹೋದ್ಯೋಗಿ ನಗ್ತಾ ಅಂದ್ರು, "ಬಿಡಿ ಸಾರ್, ನಿಮಗೆ ಇದೆಲ್ಲ ಅಭ್ಯಾಸ ಇರುತ್ತೆ." ಹೆಸರು ಬೇಡ. ಅವರು ದೊಡ್ಡ ಮಾತೇನೂ ಆಡಲಿಲ್ಲ ಅಂದ್ಕೊಂಡು ಕುರ್ಚಿಗೆ ಹೋಗಿ ಕೂತ್ರು. ಅಭ್ಯಾಸ ಇದ್ದಿದ್ದು ನಿಜ ಸಾರ್. ನಮ್ಮಪ್ಪನಿಗೆ ಊರ ಹೋಟ್ಲಲ್ಲಿ ಟೀ ಕೊಡ್ತಿದ್ದದ್ದು ಚಿಪ್ಪಿನಲ್ಲಿ. ಕುಡಿದು, ತೊಳೆದು, ಸೂರಿನ ಸಂದಿಗೆ ಸಿಕ್ಕಿಸಿ ಬರಬೇಕಿತ್ತು. ಆಮೇಲೆ ಬೇರೆ ಲೋಟ ಬಂತು, ಹೊರಗಡೆ ಕಲ್ಲಿನ ಮೇಲೆ. ಆಮೇಲೆ ಹೋರಾಟ, ಕೇಸು, ದಸಂಸ ಹುಡುಗರು ಸೀದಾ ಒಳಗೆ ಹೋಗಿ ಬೆಂಚಿನ ಮೇಲೆ ಕೂತಿದ್ದು. ಆಮೇಲೆ ಪೇಪರ್ ಕಪ್ಪು ಬಂತು. ಎಲ್ಲರಿಗೂ ಒಂದೇ ಕಪ್ಪು, ಎಲ್ಲರೂ ಕುಡಿದು ಬಿಸಾಡೋದು. ಎರಡು ಲೋಟ ಇಡೋ ಗೋಜೇ ಇಲ್ಲ. ಕೆಲವರು ಇದನ್ನ ಸಮಾನತೆ ಅಂದ್ರು. ನನಗೆ ಹಾಗನ್ನಿಸಲ್ಲ. ಒಬ್ಬರ ಬಾಯಿ ಮುಟ್ಟಿದ ಲೋಟ ಇನ್ನೊಬ್ಬರು ತೊಳೆದು ಕುಡಿಯೋ ಪ್ರಶ್ನೆಯನ್ನೇ ಆ ಕಪ್ಪು ತಪ್ಪಿಸಿಬಿಡ್ತು. ಮನಸ್ಸು ಬದಲಾಗೋ ಅವಶ್ಯಕತೆ ಬೀಳಲಿಲ್ಲ, ಲೋಟ ಬದಲಾಯ್ತು ಅಷ್ಟೆ.

ಈ ಕಪ್ಪು ಕರಗೋದೂ ಇಲ್ಲ ಅನ್ನೋದು ಗೊತ್ತಿರಲಿ. ಹೊರಗೆ ಕಾಗದ, ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ. ಮಣ್ಣಲ್ಲಿ ಹೂತರೆ ಕಾಗದ ಹೋಗುತ್ತೆ, ಪದರ ಉಳಿಯುತ್ತೆ, ಬೇರನ್ನ ಕಟ್ಟಿಹಾಕುತ್ತೆ. ಆದ್ದರಿಂದ ನಾಟಿ ಮಾಡುವಾಗ ಕಪ್ಪನ್ನ ಸೀಳಿ ತೆಗೀಲೇಬೇಕು. ಪೇಪರ್ ಅಲ್ವಾ ಅಂತ ಹಾಗೇ ಹೂಳಬೇಡಿ.

ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹೆಸರು ನಮ್ಮ ಹುಡುಗರಿಗೆ ನಾನು ಪದೇ ಪದೇ ಹೇಳ್ತೀನಿ. ಗುಲಾಮಗಿರಿಯಲ್ಲಿ ಹುಟ್ಟಿದ ಕಪ್ಪು ಜನರ ಕೃಷಿ ವಿಜ್ಞಾನಿ. 1896ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಕರೆದರು ಅಂತ ಅಲಬಾಮದ ಟಸ್ಕೆಗೀ ಸಂಸ್ಥೆಗೆ ಹೋದಾಗ ಅಲ್ಲಿ ಪ್ರಯೋಗಾಲಯಕ್ಕೆ ಸಾಮಾನೇ ಇರಲಿಲ್ಲ. ವಿದ್ಯಾರ್ಥಿಗಳ ಜೊತೆ ಕಸದ ಗುಡ್ಡೆಗಳಲ್ಲಿ ಬಾಟ್ಲಿ, ಒಡೆದ ಪಾತ್ರೆ ಆರಿಸಿ ತಂದು ಕೆಲಸ ಶುರು ಮಾಡಿದರು. 1906ರಲ್ಲಿ ಒಂದು ಬಂಡಿಯನ್ನೇ ಶಾಲೆ ಮಾಡಿಕೊಂಡು ಬಡ ರೈತರ ಹೊಲಗಳಿಗೇ ಹೋಗೋ ಹಾಗೆ ಮಾಡಿದರು. ನಮ್ಮ ಕಡೆ ಬೆಳೆಯೋ ಕಡ್ಲೆಕಾಯಿಯ ಮೇಲೇ ಅವರ ಬಹಳಷ್ಟು ಕೆಲಸ. ಕಸ ಆರಿಸೋದನ್ನ ಆಡಿಕೊಳ್ಳೋರಿಗೆ ನಾನು ಇವರ ಫೋಟೋ ತೋರಿಸ್ತೀನಿ.

ಆದರೂ ಕಪ್ಪಿನ ಕತೆ ಒಂದು ತಿಂಗಳದ್ದು. ಟೊಮೆಟೊ 25-30 ದಿನ, ಮೆಣಸಿನಕಾಯಿ 40 ದಿನ, ಚಳಿಗೆ ಇನ್ನೊಂದು ವಾರ ಸೇರಿಸಿ. ಆಮೇಲೆ ಅದಕ್ಕೆ ನೆಲ ಬೇಕು. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿ ನೂರಕ್ಕೆ ಮೂವತ್ತು ಜನ ಪರಿಶಿಷ್ಟ ಜಾತಿಯವರು, ರಾಜ್ಯದಲ್ಲೇ ಹೆಚ್ಚು. ನೆಲ ಎಷ್ಟು ಜನಕ್ಕಿದೆ ಅನ್ನೋದನ್ನ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ತಾಲ್ಲೂಕಲ್ಲಾದರೂ ಬೆಳಿಗ್ಗೆ ಆರಕ್ಕೆ ಕಾಲೋನಿ ಮುಂದೆ ನಿಂತು ಟೆಂಪೊ ಎಣಿಸಿ ತಿಳ್ಕೊಳ್ಳಿ. ಸರ್ಕಾರ ಕೊಟ್ಟ ನೆಲವನ್ನ ಯಾರ್ಯಾರೋ ಬರೆಸಿಕೊಂಡಿದ್ದನ್ನ ವಾಪಸ್ ಕೊಡಿಸೋಕೆ 1978ರಲ್ಲೇ ಪಿಟಿಸಿಎಲ್ ಕಾಯ್ದೆ ಬಂತು. "ತಡವಾಗಿ ಬಂದಿರಿ" ಅಂತ ಕೋರ್ಟುಗಳಲ್ಲಿ ಅರ್ಜಿ ಬಿದ್ದುಹೋಗೋಕೆ ಶುರುವಾದ ಮೇಲೆ, ಹೋರಾಡಿ 2023ರಲ್ಲಿ ತಿದ್ದುಪಡಿ ತರಿಸಿದ್ವಿ, ಕಾಲಮಿತಿ ಇಲ್ಲ ಅಂತ. ಇನ್ನು ಬಗರ್‌ಹುಕುಂ. ನಮ್ಮ ಸಂಘದಲ್ಲಿ ನಾಲ್ಕು ಜನ ಹೆಂಗಸರು ಫಾರಂ 57 ಹಾಕಿದ್ದಾರೆ. ಅದರಲ್ಲೊಬ್ಬರು ಮೊನ್ನೆ ಕಪ್ಪಿಗೆ ಮಣ್ಣು ತುಂಬ್ತಾ ನನ್ನ ಕೇಳಿದ್ರು, "ಏನಣ್ಣ, ನಾರು ತಿಂಗಳಿಗೆ ಬರ್ತದೆ. ನಿಮ್ಮ ಫೈಲು ಯಾವಾಗ ಬರ್ತದೆ?" ಇಪ್ಪತ್ತು ವರ್ಷ ಫೈಲು ನೋಡಿಕೊಂಡೇ ಸಂಬಳ ತಗೊಂಡೋನು ನಾನು, ನನ್ನ ಹತ್ರ ತಾರೀಖು ಇರಲಿಲ್ಲ.

ಹೋದ ವರ್ಷದ ನಾರಲ್ಲಿ ಅರ್ಧ ನಮ್ಮವರೇ ಡಬ್ಬ, ಸಿಮೆಂಟ್ ಚೀಲಗಳಲ್ಲಿ ಹಾಕ್ಕೊಂಡ್ರು. ಇನ್ನರ್ಧ ಮಾರಿದ್ವಿ. ಪಕ್ಕದ ಊರಿನ ರೈತರೊಬ್ಬರು ಬೈಕಲ್ಲಿ ಬಂದು ಇನ್ನೂರು ಬದನೆ ನಾರು ತಗೊಂಡ್ರು. ಒಂದೊಂದು ಕಪ್ಪನ್ನೂ ಕೈಯಲ್ಲೆತ್ತಿ ಬುಡ ಸವರಿ ನೋಡಿ, ನರ್ಸರಿಯದಕ್ಕಿಂತ ಗಟ್ಟಿಯಾಗಿದೆ ಅಂದ್ರು. ದುಡ್ಡು ಕೈಗೇ ಕೊಟ್ಟರು. ನಮ್ಮಮ್ಮ ಚೊಂಬಲ್ಲಿ ನೀರು ಹಿಡಿದ್ರು. "ಈಗಷ್ಟೇ ಕುಡಿದೆ ಕಣಮ್ಮ" ಅಂದ್ರು. ಬಿಸಿಲಲ್ಲಿ ಬೆವರು ಇಳೀತಿತ್ತು. ನಮ್ಮಮ್ಮ ಚೊಂಬು ಕೆಳಗಿಳಿಸಲಿಲ್ಲ. "ನಾರಿಗೆ ಹಾಕಿದ್ದೂ ಇದೇ ನೀರಪ್ಪ" ಅಂದ್ರು. ಆತ ನಕ್ಕರು, ಬೈಕ್ ಸ್ಟಾರ್ಟ್ ಮಾಡಿದ್ರು. ಈ ವರ್ಷ ಮತ್ತೆ ಫೋನ್ ಮಾಡಿದ್ದಾರೆ, ಮುನ್ನೂರು ಬೇಕಂತೆ. ಕೊಡ್ತೀವಿ. ನೀರೂ ಇಟ್ಟಿರ್ತೀವಿ.

ಟೊಮೆಟೊ ಸಂಕ್ರಾಂತಿ ಹೊತ್ತಿಗೆ ನಾಟಿಗೆ ಬರುತ್ತೆ. ಮೆಣಸಿನಕಾಯಿ ಅದರ ಮುಂದಿನ ವಾರ. ತಗೊಂಡು ಹೋಗೋಕೆ ಐದು ದಿನ ಮುಂಚೆಯಿಂದ ನೀರು ಕಮ್ಮಿ ಮಾಡ್ತೀವಿ, ಕಾಂಡ ಗಟ್ಟಿಯಾಗಲಿ ಅಂತ. ಸ್ವಲ್ಪ ಬಾಡಿದಂಗೆ ಕಂಡರೆ ಗಾಬರಿ ಬೀಳಬೇಡಿ. ಭಾನುವಾರ ಬೆಳಿಗ್ಗೆ ಬಂದರೆ ಮನೇಲಿ ಇರ್ತೀನಿ, ನಾಟಿ ಬದನೆ ಬೀಜಾನೂ ಒಂದು ಹಿಡಿ ಕೊಡ್ತೀನಿ. ಬರೋರು ಖಾಲಿ ಕಪ್ಪು, ಹಾಲಿನ ಕವರ್ ಇದ್ದರೆ ತೊಳೆದು ತನ್ನಿ.