ಕೈಗೆ ಬಾರದ ಕೋವಿಗಳು

ಅಂಚೆಚೀಟಿಯಾಗಲಿ, ನಾಣ್ಯವಾಗಲಿ, ಹಳೆಯ ಗಡಿಯಾರವಾಗಲಿ, ಏನನ್ನಾದರೂ ಕೂಡಿಹಾಕುವ ಹವ್ಯಾಸವುಳ್ಳವರನ್ನು ಒಮ್ಮೆ ಮಾತಿಗೆಳೆದು ನೋಡಿ. ತಮ್ಮ ಬಳಿ ಇರುವುದರ ವಿಷಯ ಹತ್ತು ನಿಮಿಷದಲ್ಲಿ ಮುಗಿದರೆ, ಕೈತಪ್ಪಿ ಹೋದದ್ದರ ವಿಷಯ ಊಟದ ಹೊತ್ತಾದರೂ ಮುಗಿಯುವುದಿಲ್ಲ. ನಾನು ಬಲ್ಲ ಇಂಥವರಲ್ಲಿ ಮೊದಲಿಗರು ನನ್ನ ಸೋದರಮಾವ. ಅವರು ಸಂಗ್ರಹಿಸಿದ್ದು ಬೇಟೆಯ ಕೋವಿಗಳನ್ನು. ಕೊಪ್ಪದ ಕಡೆಯ ಆ ಮನೆಯನ್ನು ನಮ್ಮ ಬಂಧುಗಳೆಲ್ಲರೂ ಬಲ್ಲರು. ನನ್ನ ಹಳೆಯ ವಿದ್ಯಾರ್ಥಿಗಳಲ್ಲೂ ಕೆಲವರು ಆ ಜಗುಲಿಯ ಮೇಲೆ ಕುಳಿತು ಕಾಫಿ ಕುಡಿದವರೇ. ಮಾವನವರ ಕೋವಿಗಳ ವಿಷಯ ಬರೆಯಿರಿ ಎಂದು ಅವರಲ್ಲಿ ಒಬ್ಬಿಬ್ಬರು ಕೇಳಿದ್ದುಂಟು. ನನಗೆ ಬೇಟೆಯ ಗೀಳು ಎಂದೂ ಇರಲಿಲ್ಲ. ಆದರೂ ಬರೆಯುವುದಕ್ಕೆ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಪಟ್ಟಣದಲ್ಲಿ ಬೆಳೆದ ಕಿರಿಯರಿಗಾಗಿ ಮೊದಲು ನಾಲ್ಕು ಮಾತು. ಮಲೆನಾಡಿನ ಹಳೆಯ ಮನೆಗಳಲ್ಲಿದ್ದುದು ಸಾಮಾನ್ಯವಾಗಿ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆಯನ್ನೋ ಗುಂಡನ್ನೋ ಹಾಕಿ ಗಜದಿಂದ ಜಡಿದು, ಹಿಂಬದಿಯಲ್ಲಿ ಕೇಪು ಕೂರಿಸಿ ಹೊಡೆಯುವಂಥದು. ಒಂದು ಈಡು ತಪ್ಪಿದರೆ ಎರಡನೆಯದನ್ನು ತುಂಬುವಷ್ಟರಲ್ಲಿ ಹಂದಿ ಗುಡ್ಡ ದಾಟಿರುತ್ತದೆ. ಆಮೇಲೆ ಬಂದದ್ದು ತೋಟಾಕೋವಿ. ‘ಹನ್ನೆರಡು ಬೋರಿನ ಕೋವಿ’ ಎನ್ನುತ್ತಾರಲ್ಲ, ಆ ಲೆಕ್ಕ ಬಲು ಸ್ವಾರಸ್ಯವಾದದ್ದು: ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಗುಂಡುಗಳಾಗಿ ಎರಕ ಹೊಯ್ದರೆ ಅಂಥ ಒಂದು ಗುಂಡು ಎಷ್ಟು ದಪ್ಪವಿರುತ್ತದೆಯೋ ಅಷ್ಟೇ ಅದರ ನಳಿಗೆಯ ಅಗಲ. ಇವೆರಡರ ನಳಿಗೆಯ ಒಳಮೈಯೂ ನುಣುಪು. ರೈಫಲ್ಲು ಹಾಗಲ್ಲ. ಅದರ ನಳಿಗೆಯೊಳಗೆ ತಿರುಪಿನಂತೆ ಸುತ್ತಿಕೊಂಡು ಹೋಗುವ ಗಾಡಿಗಳನ್ನು ಕೊರೆದಿರುತ್ತಾರೆ. ಗುಂಡು ಬುಗುರಿಯಂತೆ ತಿರುಗುತ್ತಾ ಹೊರಬೀಳುವುದರಿಂದ ಬಹು ದೂರದವರೆಗೆ ನೇರವಾಗಿ ಹೋಗುತ್ತದೆ. ಭೌತಶಾಸ್ತ್ರದ ತರಗತಿಯಲ್ಲಿ ಆವರ್ತನೆಯ ಪಾಠ ಬಂದಾಗಲೆಲ್ಲ ನಾನು ಕೊಡುತ್ತಿದ್ದ ಉದಾಹರಣೆ ಇದೇ.

ಮಾವನವರಲ್ಲಿ ಒಂದು ಕಾಲಕ್ಕೆ ಐದು ಕೋವಿಗಳಿದ್ದವು. ಒಂದು, ಅವರ ತಂದೆಯ ಕಾಲದ ಒಂಟಿನಳಿಗೆಯ ಕೇಪಿನ ಕೋವಿ. ಎರಡನೆಯದು, 1951ರಲ್ಲಿ ತಮ್ಮ ಪಾಲಿಗೆ ಬಂದ ಮೊದಲ ಅಡಿಕೆ ಫಸಲಿನ ಹಣದಲ್ಲಿ ಕೊಂಡ ಬೆಲ್ಜಿಯಮ್ಮಿನ ಜೋಡುನಳಿಗೆ; ಎರಡು ಕುದುರೆಗಳು ಹೊರಗೆ ಕಿವಿಯಂತೆ ನಿಂತಿರುವ, ಲಿಯೇಜ್ ಪಟ್ಟಣದ ಪರೀಕ್ಷಾ ಮುದ್ರೆ ಹೊತ್ತ ಕೋವಿ. ಮೂರನೆಯದು, ಬರ್ಮಿಂಗ್‌ಹ್ಯಾಮಿನ ಗ್ರೀನರ್ ಕಂಪೆನಿಯ ಜೋಡುನಳಿಗೆ. ನಾಲ್ಕನೆಯದು, ಬಂಗಾಳದ ಇಛಾಪುರದ ಸರಕಾರಿ ಕಾರ್ಖಾನೆಯ .315 ರೈಫಲ್ಲು. ಐದನೆಯದು ಒಂದು ಸಣ್ಣ .22. ಇವುಗಳ ಪೈಕಿ ಯಾವುದನ್ನೂ ಅವರು ಹೊಗಳಿದ್ದು ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಆರನೆಯದರ ಮಾತು. ಅದು ಆ ಮನೆಗೆ ಬರಲೇ ಇಲ್ಲ.

1967ರ ಸುಮಾರಿಗೆ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರ ಇಂಗ್ಲಿಷ್ ದೊರೆ ತೋಟ ಮಾರಿ ಸ್ವದೇಶಕ್ಕೆ ಹೊರಟಿದ್ದ. ಅವನ ಬಳಿ ಲಂಡನ್ನಿನ ರಿಗ್ಬಿ ಕಂಪೆನಿಯ .275 ರೈಫಲ್ಲು ಇತ್ತು. ಜಿಮ್ ಕಾರ್ಬೆಟ್‌ರ ಹೆಸರು ಕೇಳದವರು ನಿಮ್ಮಲ್ಲಿ ಇರಲಾರರು. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕಾಗಿ ಅವರಿಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರು ಬಹುಮಾನವಾಗಿ ಕೊಟ್ಟದ್ದು ಇದೇ ಮಾದರಿಯ ರೈಫಲ್ಲನ್ನು. ಮಾವನವರು ಬಸ್ಸು ಹಿಡಿದು ಹೋಗಿ ನೋಡಿ ಬಂದರು. ದೊರೆ ಹೇಳಿದ ಬೆಲೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ನನ್ನ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚು. ಹಣವನ್ನು ಹೇಗೋ ಹೊಂದಿಸಿದರು. ಹೊಂದದೆ ಉಳಿದದ್ದು ಕಾಗದ. ಇರುವ ಕೋವಿಗಳಿಗೆ ಲೈಸೆನ್ಸು ಇದ್ದರೆ ಸಾಲದು, ಹೊಸದನ್ನು ಕೊಳ್ಳಲು ಬೇರೆ ಅನುಮತಿ ಬೇಕು. ಅರ್ಜಿ ಜಿಲ್ಲಾ ಕಚೇರಿಗೆ ಹೋಗಬೇಕು, ಅಲ್ಲಿಂದ ಠಾಣೆಗೆ ಬರಬೇಕು, ಠಾಣೆಯ ವರದಿ ಮತ್ತೆ ಮೇಲಕ್ಕೆ ಹೋಗಬೇಕು. ಆ ವರ್ಷದ ಮಳೆಗಾಲವೆಲ್ಲ ಈ ಓಡಾಟದಲ್ಲೇ ಕಳೆಯಿತು. ಅನುಮತಿ ಕೈಸೇರಿದಾಗ ದೊರೆ ಹಡಗು ಹತ್ತಿ ಮೂರು ವಾರವಾಗಿತ್ತು. ರೈಫಲ್ಲು ಹೊರ ಜಿಲ್ಲೆಯ ಯಾರದೋ ಪಾಲಾಗಿತ್ತು.

ಸಿಕ್ಕಿದ ಅನುಮತಿ ವ್ಯರ್ಥವಾಗಬಾರದೆಂದು ಮಾವನವರು ಕೊಂಡದ್ದೇ ಇಛಾಪುರದ .315. ಸೇನೆಯ .303 ತೋಟಾ ನಾಗರಿಕರಿಗೆ ನಿಷಿದ್ಧವಾದುದರಿಂದ ಬೇಟೆಗಾರರಿಗೆಂದು ಬಳಕೆಗೆ ತಂದ ಅಳತೆ ಅದು. ಗಟ್ಟಿಮುಟ್ಟು, ಆದರೆ ನಾಜೂಕಿಲ್ಲ. ಬಹಳ ವರ್ಷಗಳ ಕಾಲ ಅವರು ಅದನ್ನು ಮಲಮಗನಂತೆ ಕಂಡರು. ಯಾರಾದರೂ ಕೈಗೆತ್ತಿಕೊಂಡರೆ, “ಅದು ಬಿಡಿ, ರಿಗ್ಬಿಯ ಬದಲಿಗೆ ಬಂದದ್ದು” ಎನ್ನುತ್ತಿದ್ದರು.

ಕಾಲ ಬೇರೆಯೇ ನ್ಯಾಯ ಹೇಳಿತು. ವಿದೇಶಿ ತೋಟಾಗಳು ಬರುವುದು ಕ್ರಮೇಣ ಕಡಮೆಯಾಗಿ ಹೋಯಿತು. ದೊಡ್ಡ ದೊಡ್ಡ ಹೆಸರಿನ ಇಂಗ್ಲಿಷ್ ರೈಫಲ್ಲುಗಳು ತೋಟಾ ಇಲ್ಲದೆ ಗೋಡೆಯ ಮೇಲಿನ ಅಲಂಕಾರವಾದವು. .315ರ ತೋಟಾ ನಮ್ಮ ದೇಶದಲ್ಲೇ ತಯಾರಾಗುತ್ತಿತ್ತು, ಹನ್ನೆರಡು ಬೋರಿಗೆ ಖಡಕಿಯ ಕಾರ್ಖಾನೆಯ ‘ಶಕ್ತಿಮಾನ್’ ಇದ್ದಂತೆ. ರಿಗ್ಬಿ ಸಿಕ್ಕಿದ್ದರೆ ಅದು ಮೂಕವಾಗಿ ಕೂರುತ್ತಿತ್ತು. ಇದನ್ನು ನಾನು ಹೇಳಿದಾಗ ಮಾವನವರು ಒಪ್ಪಿದರು. ಆದರೆ ಅವರ ಮುಖದಲ್ಲಿ ಸಮಾಧಾನವೇನೂ ಕಾಣಲಿಲ್ಲ.

ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಅದು ಜಾರಿಗೆ ಬಂದ ಮೇಲೆ ಮಾವನವರು ಬೇಟೆ ನಿಲ್ಲಿಸಿದರು. ಒಳಗೊಳಗೆ ಹೊಡೆಯುವವರು ಆ ಭಾಗದಲ್ಲಿ ಬೇಕಾದಷ್ಟು ಮಂದಿ ಇದ್ದರು. ಇವರು ಆ ದಾರಿ ಹಿಡಿಯಲಿಲ್ಲ. ಆ ಕಾಯಿದೆ ಬಂದದ್ದು ಒಳ್ಳೆಯದೇ ಆಯಿತೆಂಬುದರಲ್ಲಿ ನನಗೆ ಅಂದೂ ಸಂದೇಹವಿರಲಿಲ್ಲ, ಇಂದೂ ಇಲ್ಲ. ನಮ್ಮ ಕಾಡಿನಲ್ಲಿ ಈಗ ಕಡವೆ ಕಾಟಿಗಳು ಉಳಿದಿದ್ದರೆ ಅದರ ಪುಣ್ಯದಿಂದ. ಬೇಟೆ ನಿಂತರೂ ಕೋವಿಯ ಮೇಲಿನ ಪ್ರೀತಿ ಮಾತ್ರ ಕುಗ್ಗಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಐದನ್ನೂ ಚಾಪೆಯ ಮೇಲೆ ಸಾಲಾಗಿ ಮಲಗಿಸಿ ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದರು. ಚುನಾವಣೆ ಬಂದಾಗಲೆಲ್ಲ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕಷ್ಟೆ. ಮರಳಿ ತಂದ ದಿನ ನಳಿಗೆಯನ್ನು ಬೆಳಕಿಗೆ ಹಿಡಿದು ತುಕ್ಕಿನ ಚುಕ್ಕೆ ಹುಡುಕುವುದೇ ಒಂದು ದೊಡ್ಡ ಕೆಲಸ.

1983ರಲ್ಲಿ ಆಯುಧ ಕಾಯಿದೆಗೆ ತಿದ್ದುಪಡಿಯಾಗಿ, ಒಬ್ಬರ ಬಳಿ ಮೂರಕ್ಕಿಂತ ಹೆಚ್ಚು ಕೋವಿ ಇರಬಾರದೆಂದಾಯಿತು. ಎರಡನ್ನು ಬಿಡಬೇಕು. .22 ಒಬ್ಬ ವ್ಯಾಪಾರಿಯ ಮೂಲಕ ಮಾರಾಟವಾಯಿತು. ಎರಡನೆಯದಾಗಿ ಹೊರಟದ್ದು ಕೇಪಿನ ಕೋವಿ. ಅದರಿಂದ ಈಡು ಹಾರಿಸಿ ಇಪ್ಪತ್ತು ವರ್ಷವಾಗಿತ್ತು, ಕೊಳ್ಳುವವರು ಯಾರೂ ಇರಲಿಲ್ಲ. ಠಾಣೆಯಲ್ಲಿ ರಶೀದಿ ಪಡೆದು ಒಪ್ಪಿಸಿ ಬಂದರು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಬೆಲೆ ಬಾಳದ್ದು, ಕೆಲಸಕ್ಕೆ ಬಾರದ್ದು ಹೋಗಬೇಕಾದದ್ದೇ. ಆದರೆ ರಿಗ್ಬಿಯ ಮಾತನ್ನು ಯಾರ ಮುಂದೆ ಬೇಕಾದರೂ ಆಡುತ್ತಿದ್ದ ಮಾವನವರು ಈ ಕೋವಿಯ ಮಾತನ್ನು ಆಮೇಲೆ ಎತ್ತಲೇ ಇಲ್ಲ. ಕೊಳ್ಳಲಾಗದೆ ಹೋದದ್ದರ ಕೊರಗು ಬಾಯಿಗೆ ಬರುತ್ತದೆ, ಇದ್ದು ಬಿಟ್ಟುಕೊಟ್ಟದ್ದರ ಕೊರಗು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಅವರನ್ನು ನೋಡಿ.

ಕೊಡಗಿನ ಬಂಧುಗಳಿದ್ದ ಸ್ನೇಹಿತರೊಬ್ಬರು ಆಗ, “ನೀವು ಕೊಡವರಾಗಿ ಹುಟ್ಟಬೇಕಿತ್ತು ರಾಯರೇ” ಎಂದು ತಮಾಷೆ ಮಾಡಿದ್ದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ, ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಈಡು ಹಾರಿಸಿ ಊರಿಗೆ ತಿಳಿಸುವ ಜನ ಅವರು. ಅಲ್ಲಿ ಕೋವಿ ಮನೆತನದ ಆಸ್ತಿ, ಅದರ ಕಥೆಯೂ ಮನೆತನದ್ದೇ. ನಮ್ಮ ಕಡೆ ಕೋವಿ ಲೈಸೆನ್ಸು ಹಿಡಿದ ಒಬ್ಬನದು. ಅವನು ಹೋದರೆ ಕಥೆಯೂ ಹೋಯಿತು.

ಗ್ರೀನರ್ ಕೋವಿಯದು ಇನ್ನೊಂದು ಬಗೆ. ಅದರ ಉಕ್ಕಿನ ಮೇಲೆ ಎಲೆಬಳ್ಳಿಯ ನವುರಾದ ಕೆತ್ತನೆ ಇತ್ತು, ಮೊದಲ ಒಡೆಯನ ಹೆಸರಿನ ಅಕ್ಷರಗಳೂ ಇದ್ದವು. ಮಾವನವರು ಕೊಳ್ಳುವ ಮೊದಲೇ ಯಾರೋ ಅದನ್ನು ಉಜ್ಜಿಸಿ ಹೊಸದಾಗಿ ಬಣ್ಣ ಕಟ್ಟಿಸಿದ್ದರಂತೆ. ಕೆತ್ತನೆ ಅರ್ಧ ಮಾಸಿತ್ತು, ಹೆಸರಿನಲ್ಲಿ ಉಳಿದದ್ದು ಎರಡೇ ಅಕ್ಷರ. ಕಾರ್ಬೆಟ್‌ರ ರೈಫಲ್ಲನ್ನು ತಯಾರಿಸಿದ ಕಂಪೆನಿಯೇ 2015ರಲ್ಲಿ ಮರಳಿ ಕೊಂಡುಕೊಂಡಿತು. ಆ ಮಾದರಿಯ ರೈಫಲ್ಲುಗಳು ಜಗತ್ತಿನಲ್ಲಿ ಬೇರೆಯೂ ಇವೆ. ಇದನ್ನು ಇದೇ ಎಂದು ಗುರುತಿಸುವುದು ಹಿಡಿಯ ಮೇಲಿನ ಪುಟ್ಟ ಬೆಳ್ಳಿಯ ಬಿಲ್ಲೆ, ಅದರ ಮೇಲೆ ಕೆತ್ತಿದ ನಾಲ್ಕು ಸಾಲು. ಆ ಸಾಲುಗಳನ್ನು ಯಾರಾದರೂ ಹೊಳಪಿನ ಆಸೆಗೆ ಉಜ್ಜಿಬಿಟ್ಟಿದ್ದರೆ?

ಮಾವನವರು 1998ರಲ್ಲಿ ತೀರಿಕೊಂಡರು. ಮೂರು ಕೋವಿಗಳೂ ಅವರ ಮಗನ ಹೆಸರಿಗೆ ಬಂದವು. ಮತ್ತೆ 2019ರ ಡಿಸೆಂಬರಿನಲ್ಲಿ ತಿದ್ದುಪಡಿ. ಈ ಬಾರಿ ಒಬ್ಬರಿಗೆ ಎರಡೇ ಕೋವಿ, ಹೆಚ್ಚಿನದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕು. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಅದೇ ಮಿತಿ. 2020ರ ಅಕ್ಟೋಬರಿನಲ್ಲಿ, ಕೊರೋನಾ ಗಲಾಟೆಯ ನಡುವೆ, ಮಾವನ ಮಗ ಫೋನು ಮಾಡಿದ.

“ಭಾವ, ನೀವೇ ಹೇಳಿ. ಯಾವುದನ್ನು ಬಿಡಲಿ?”

ಬೆಲ್ಜಿಯಮ್ಮಿನದನ್ನು ಬಿಡು ಎಂದೆ. ಅದರದು ಕಬ್ಬಿಣ ಉಕ್ಕುಗಳ ಪಟ್ಟಿಯನ್ನು ಹಗ್ಗದಂತೆ ಹೊಸೆದು ಬೆಸೆದ ಹಳೆಯ ನಳಿಗೆ. ಕರಿಮದ್ದಿನ ಕಾಲಕ್ಕೆ ಸರಿ, ಇಂದಿನ ತೋಟಾದ ಒತ್ತಡಕ್ಕೆ ಅದನ್ನು ನಂಬುವಂತಿಲ್ಲ. ಗ್ರೀನರ್‌ಗೆ ಬೆಲೆಯಿದೆ. .315 ಅಪ್ಪಯ್ಯ ಕೊನೆಯವರೆಗೆ ಬಳಸಿದ್ದು, ಅದನ್ನು ಉಳಿಸು ಎಂದೆ. ಅವನಿಗೂ ಅದೇ ಸರಿ ಎನಿಸಿತ್ತು. ಅಷ್ಟರಲ್ಲಿ ಎಂಬತ್ತೇಳು ವರ್ಷದ ಅತ್ತೆ ಫೋನು ಕೈಗೆ ತೆಗೆದುಕೊಂಡರು.

“ನೋಡಾ, ನಾನು ಈ ಮನೆಗೆ ಮದುವೆಯಾಗಿ ಬಂದ ದಿನ ಚಾವಡಿಯ ಗೋಡೆಯ ಮೇಲೆ ಇದ್ದದ್ದು ಅದು. ನಾನಿರುವವರೆಗೆ ಅದು ಇರಲಿ.”

ಇದರ ಮುಂದೆ ನನ್ನ ನಳಿಗೆಯ ಪಾಠ ನಡೆಯಲಿಲ್ಲ, ನಡೆಯಬೇಕಾಗಿಯೂ ಇರಲಿಲ್ಲ. .315 ಶಿವಮೊಗ್ಗದ ಒಬ್ಬ ವ್ಯಾಪಾರಿಯ ಬಳಿಗೆ ಹೋಯಿತು. ಐವತ್ತು ವರ್ಷಗಳ ಕಾಲ ‘ಬದಲಿಗೆ ಬಂದದ್ದು’ ಎನಿಸಿಕೊಂಡ ಕೋವಿ, ಬದಲಿಯಾಗಿಯೇ ಹೊರಟುಹೋಯಿತು. ಅತ್ತೆ ಎರಡು ವರ್ಷದ ಮೇಲೆ ತೀರಿಕೊಂಡರು. ಬೆಲ್ಜಿಯಮ್ಮಿನ ಕೋವಿ ಅದೇ ಗೋಡೆಯ ಮೇಲಿದೆ.

ಈಗ, ಇದನ್ನೆಲ್ಲ ಬರೆಯುವುದಕ್ಕೆ ಕಾರಣ. ಅತ್ತೆಯವರ ತಿಥಿಗೆ ಹೋದಾಗ ಮಾವನ ಮಗ ನನ್ನ ಕೈಗೊಂದು ನೋಟುಬುಕ್ಕು ಕೊಟ್ಟ. ಅಡಿಕೆ ಲೆಕ್ಕದ ಉದ್ದನೆಯ ಪುಸ್ತಕ. ಅದರಲ್ಲಿ ಮಾವನವರು ಒಂದೊಂದು ಕೋವಿಗೂ ಒಂದೊಂದು ಪುಟ ಇಟ್ಟಿದ್ದರು: ತಯಾರಕರ ಹೆಸರು, ಕೋವಿಯ ಸಂಖ್ಯೆ, ಮುದ್ರೆಗಳ ಚಿತ್ರ, ಯಾರಿಂದ ಎಷ್ಟಕ್ಕೆ ಕೊಂಡದ್ದು, ಏನು ರಿಪೇರಿ ಮಾಡಿಸಿದ್ದು. ಕೊನೆಯಲ್ಲಿ ‘ಸಿಗದವು’ ಎಂಬ ತಲೆಬರಹದ ಕೆಳಗೆ ಏಳು ಕೋವಿಗಳಿವೆ. ರಿಗ್ಬಿಗೆ ಮುಕ್ಕಾಲು ಪುಟ. ದೊರೆಯ ಬಂಗಲೆಯಲ್ಲಿ ಒಂದೇ ಸಲ ಕೈಯಲ್ಲಿ ಹಿಡಿದ ಅದರ ಸಂಖ್ಯೆಯನ್ನೂ ಬಿಡದೆ ಬರೆದುಕೊಂಡಿದ್ದಾರೆ. ಹೆಸರಾಂತ ಇಂಗ್ಲಿಷ್ ಕಂಪೆನಿಗಳು ತಮ್ಮ ಹಳೆಯ ದಫ್ತರಗಳನ್ನು ಇಟ್ಟುಕೊಂಡಿರುತ್ತವೆ. ಸಂಖ್ಯೆಯೊಂದಿದ್ದರೆ ಆ ರೈಫಲ್ಲನ್ನು ಯಾವ ವರ್ಷ ಯಾರಿಗಾಗಿ ಮಾಡಿದರೆಂದು ಇಂದಿಗೂ ವಿಚಾರಿಸಬಹುದು.

ತಂದೆಯ ಕೇಪಿನ ಕೋವಿಗೆ ಮಾತ್ರ ಒಂದೇ ಸಾಲು. ‘ಊರಿನ ಆಚಾರಿ ಕಟ್ಟಿದ ಹಿಡಿ. ನಳಿಗೆ ಎಲ್ಲಿಯದೋ. ಅಪ್ಪಯ್ಯ ಹೇಳುತ್ತಿದ್ದರು, ಬರೆದುಕೊಳ್ಳಲಿಲ್ಲ.’ ಅದಕ್ಕೆ ಸಂಖ್ಯೆಯಿಲ್ಲ, ಮುದ್ರೆಯಿಲ್ಲ, ವಿಚಾರಿಸೋಣವೆಂದರೆ ಯಾವ ಕಂಪೆನಿಯ ದಫ್ತರವೂ ಇಲ್ಲ. ಅದನ್ನು ಬಲ್ಲವರು ಇಬ್ಬರೇ ಇದ್ದರು, ಇಬ್ಬರೂ ಈಗ ಇಲ್ಲ. ಒಟ್ಟು ಪುಸ್ತಕದಲ್ಲಿ ನನ್ನನ್ನು ಕಲಕಿದ್ದು ರಿಗ್ಬಿಯ ಮುಕ್ಕಾಲು ಪುಟವಲ್ಲ, ಈ ಒಂದು ಸಾಲು. ದುಡ್ಡಿದ್ದರೆ, ಅದೃಷ್ಟವಿದ್ದರೆ ರಿಗ್ಬಿ ಇಂದಲ್ಲ ನಾಳೆ ಇನ್ನೊಬ್ಬರಿಗೆ ಸಿಕ್ಕೀತು. ಆ ಕೇಪಿನ ಕೋವಿಯ ಕಥೆ ಇನ್ನು ಯಾರಿಗೂ ಸಿಗುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಷ್ಟೋ ಜನರ ಮನೆಗಳಲ್ಲಿ ಇಂದಿಗೂ ಒಂದು ಕೋವಿ ಇರಬಹುದು. ಕೋವಿಯೇ ಆಗಬೇಕೆಂದಿಲ್ಲ, ಅಜ್ಜನ ಕಾಲದ ಯಾವುದೇ ವಸ್ತು ಆದೀತು. ಎಷ್ಟು ಇಟ್ಟುಕೊಳ್ಳಬಹುದೆಂಬುದನ್ನು ಸರಕಾರ ಹೇಳುತ್ತದೆ. ಕಾಯಿದೆಯಂತೆ ನಡೆಯಬೇಕಾದದ್ದು ನಮ್ಮ ಧರ್ಮ. ಎಷ್ಟು ಬರೆದಿಡಬಹುದೆಂಬುದಕ್ಕೆ ಯಾವ ಮಿತಿಯೂ ಇಲ್ಲ. ರಜೆಗೆ ಊರಿಗೆ ಹೋದಾಗ ನಾಲ್ಕು ಚಿತ್ರ ತೆಗೆದುಕೊಳ್ಳಿ, ಸಂಖ್ಯೆ ಮುದ್ರೆಗಳನ್ನು ಗುರುತು ಹಾಕಿಕೊಳ್ಳಿ, ಹಳೆಯ ಲೈಸೆನ್ಸು ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರು ಜಗುಲಿಯಲ್ಲಿ ಕುಳಿತಿರುವಾಗಲೇ ಪಕ್ಕದಲ್ಲಿ ಕುಳಿತು ಕೇಳಿ. ಅವರು ಹೇಳಿದ್ದನ್ನು ಅಂದೇ ಬರೆದುಕೊಳ್ಳಿ.